ತೀರ್ಪು ಮೊದಲು, ಕಾರಣ ಆಮೇಲೆ: ಹೊಲತಿಯರ ಪ್ರಸಂಗದ ಇನ್ನೊಂದು ಓದು

ಬೇಲೂರಿನ ಚೆನ್ನಕೇಶವನ ಬಗ್ಗೆ ಒಂದು ಐತಿಹ್ಯವನ್ನು ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ. ಈ ದೇವರು ಆಗಾಗ ಬಾಬಾಬುಡನ್‌ಗಿರಿಯಲ್ಲಿರುವ ದೇವಿಯನ್ನು ನೋಡಿಕೊಂಡು ಬರಲು ಹೋಗುತ್ತಾನೆ. ಅಷ್ಟು ದೂರ ಬರಿಗಾಲಲ್ಲಿ ಹೋಗಲಾದೀತೆ? ಅದಕ್ಕೆಂದೇ ಗುಡಿಯಲ್ಲಿ ಒಂದು ಜೊತೆ ದೊಡ್ಡ ಮೆಟ್ಟು. ಮೆಟ್ಟು ಸವೆದಾಗ ಆ ಸುದ್ದಿ ಚನ್ನಗಿರಿ, ಬಸವಾಪಟ್ಟಣದ ಮಾದಿಗರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಮೆಟ್ಟು ಹೊಲಿದು ತಂದು ಒಪ್ಪಿಸಬೇಕು. ಒಪ್ಪಿಸಲಿಕ್ಕೆಂದು ಅವತ್ತು ಅವರು ಗುಡಿಯ ಅಂಗಳದೊಳಕ್ಕೆ ಬರಬಹುದು.

ಈ ಕಥೆಯನ್ನು ನಾನು ಮೊದಲು ಓದಿದ್ದಲ್ಲ, ಕೇಳಿದ್ದು. ನಮ್ಮ ತಾತ ಹೇಳುತ್ತಿದ್ದ, ನಾವೆಲ್ಲ ನಗುತ್ತಿದ್ದೆವು. ಯಾಕೆ ನಗುತ್ತಿದ್ದೆವು ಎನ್ನುವುದಕ್ಕೆ ಆಮೇಲೆ ಬರುತ್ತೇನೆ, ಆ ನಗು ಅಷ್ಟು ಸಾಚಾ ಆಗಿರಲಿಲ್ಲ. ಸದ್ಯಕ್ಕೆ ಇಷ್ಟು: ದೇವರ ಕಾಲಿಗೆ ಬೇಕಾದಾಗ ಸತ್ತ ದನದ ಚರ್ಮ ಗುಡಿಯೊಳಗೆ ಹೋಗುತ್ತದೆ. ಅದನ್ನು ಹದ ಮಾಡಿದ ಕೈ ಅಂಗಳಕ್ಕೆ ಬರಬೇಕಾದರೆ ಕನಸು ಬೀಳಬೇಕು. ಮಡಿ ಎನ್ನುವುದು ಕಲ್ಲಿನ ಹಾಗೆ ಗಟ್ಟಿ ಎಂದು ನಾವು ತಿಳಿದಿದ್ದೇವೆ. ಆದರೆ ಅದು ಚರ್ಮದ ಹಾಗೆ. ಬೇಕಾದವನ ಪಾದದ ಅಳತೆಗೆ ಬಗ್ಗುತ್ತದೆ.

ನಾನು ಅರಸೀಕೆರೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಕ್ಲಾಸಿಗೆ ಬರುವ ಹುಡುಗರು ಜಾವಗಲ್, ಹಳೇಬೀಡು ಕಡೆಯಿಂದ ಬೆಳಗಿನ ಬಸ್ಸಿಗೆ ನೇತಾಡಿಕೊಂಡು ಬರುವವರು. ತೆಂಗಿನ ತೋಟದವರೂ ಇದ್ದಾರೆ, ಆ ತೋಟದಲ್ಲಿ ಕಾಯಿ ಸುಲಿಯುವವರ ಮಕ್ಕಳೂ ಇದ್ದಾರೆ. ಒಂದು ದಿನ ರಾಘವಾಂಕನ ಹರಿಶ್ಚಂದ್ರಕಾವ್ಯದ ಹೊಲತಿಯರ ಪ್ರಸಂಗ ಮಾಡುತ್ತಿದ್ದೆ. ಈ ಪ್ರಸಂಗಕ್ಕೂ ನಮ್ಮ ಸೀಮೆಗೂ ದೂರದ ನಂಟಿದೆ. ರಾಘವಾಂಕನ ಸೋದರಮಾವ ಹರಿಹರ ಹಳೇಬೀಡಿನ ಬಲ್ಲಾಳರಾಯನಲ್ಲಿ ಕರಣಿಕನಾಗಿದ್ದನೆಂಬ ಐತಿಹ್ಯವಿದೆ. ಅರಸೀಕೆರೆಯ ಈಶ್ವರ ದೇವಾಲಯ ಎದ್ದದ್ದು 1220ರ ಹೊತ್ತಿಗೆ, ಹೆಚ್ಚುಕಮ್ಮಿ ರಾಘವಾಂಕ ಬರೆಯುತ್ತಿದ್ದ ಕಾಲಕ್ಕೇ. ನಕ್ಷತ್ರದಾಕಾರದ ಆ ಮಂಟಪದ ಮೂಲೆಗಳನ್ನು ಎಣಿಸಲು ಪ್ರವಾಸಿಗರು ಬರುತ್ತಾರೆ. ಬೇಲೂರು, ಹಳೇಬೀಡುಗಳಂತೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಆ ಕಾಲ ಕಲ್ಲಿನಲ್ಲಿ ಏನು ಮಾಡಿತು ಎಂದು ಕೇಳುವವರು ಬಹಳ. ಆ ಕಾಲ ಸರಿ-ತಪ್ಪುಗಳನ್ನು ಹೇಗೆ ತೀರ್ಮಾನಿಸುತ್ತಿತ್ತು ಎಂದು ಕೇಳುವವರು ಕಡಿಮೆ.

ಪ್ರಸಂಗ ಗೊತ್ತಿರುವಂಥದೇ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ಬೇಟೆಗೆ ಬಂದ ರಾಜನ ಎದುರು ಹಾಡುತ್ತಾರೆ. ರಾಜ ಮೆಚ್ಚಿ ಆಭರಣ ಕೊಡುತ್ತಾನೆ. ಅದು ಬೇಡ, ನಿನ್ನ ಬೆಳ್ಗೊಡೆ ಕೊಡು ಎನ್ನುತ್ತಾರೆ. ಅದು ವಂಶದಿಂದ ಬಂದದ್ದು, ಕೊಡಲಾಗದು. ಹಾಗಾದರೆ ನಮ್ಮನ್ನು ಮದುವೆಯಾಗು. ಸೂರ್ಯವಂಶದವನು ಅನಾಮಿಕೆಯರನ್ನು ಮದುವೆಯಾಗುವುದೇ? ಆಗ ಆ ಹುಡುಗಿಯರು ಹೂಡುವ ವಾದವಿದೆಯಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಹಾಡು ಕೇಳಿದ ಕಿವಿ ಮೈಲಿಗೆಯಾಗಲಿಲ್ಲ, ನೋಡಿದ ಕಣ್ಣು ಮೈಲಿಗೆಯಾಗಲಿಲ್ಲ, ಮಾತಾಡಿಸಿದ ಬಾಯಿ, ಗಂಧ ಹೀರಿದ ಮೂಗು ಕೂಡ ಆಗಲಿಲ್ಲ. ಮುಟ್ಟುವ ಚರ್ಮವೊಂದು ಮಾತ್ರ ಹೇಗೆ ಆಗುತ್ತದೆ? ಇದರ ಸಾರವನ್ನಷ್ಟೆ ಹೇಳುತ್ತಿದ್ದೇನೆ, ಷಟ್ಪದಿಯಲ್ಲಿ ಓದಬೇಕು. ರಾಜ ಸುಮ್ಮನಿರುವುದಿಲ್ಲ. ಹಾಲು ಕುಡಿದೆವೆಂದು ಕೆಚ್ಚಲಿನ ಮಾಂಸ ತಿನ್ನಲಾಗುತ್ತದೆಯೇ ಎಂಬ ಧಾಟಿಯಲ್ಲಿ ಹೋಲಿಕೆಗಳನ್ನು ಹುಡುಕಿ ತರುತ್ತಾನೆ. ಆ ಹೋಲಿಕೆಗಳೂ ನಿಲ್ಲುವುದಿಲ್ಲ. ಕೊನೆಗೆ ಅವನಿಗೆ ಸಿಟ್ಟು ಬರುತ್ತದೆ. ಅವರನ್ನು ಹೊಡೆದಟ್ಟುತ್ತಾನೆ.

ಕ್ಲಾಸಿನಲ್ಲಿ ಕೇಳಿದೆ: ರಾಜ ಮಾಡಿದ್ದು ಸರಿಯೇ?

ಬಹಳ ಜನ ಸರಿ ಎಂದರು. ಯಾಕೆ? ಅವರು ವಿಶ್ವಾಮಿತ್ರ ಕಳಿಸಿದ ಮಾಯೆಯ ಹೆಂಗಸರು, ಮೋಸ ಮಾಡಲು ಬಂದವರು ಎಂದ ಒಬ್ಬ. ಆಯಿತಪ್ಪ, ರಾಜನಿಗೆ ಅದು ಗೊತ್ತಿರಲಿಲ್ಲವಲ್ಲ, ನಿಜವಾದ ಹುಡುಗಿಯರೇ ಎಂದಿಟ್ಟುಕೊ ಎಂದೆ. ರಾಜನಿಗೆ ಆಗಲೇ ಹೆಂಡತಿಯಿದ್ದಾಳೆ ಎಂದಳು ಒಬ್ಬಳು. ರಾಜರು ಎಷ್ಟು ಜನರನ್ನು ಮದುವೆಯಾಗುತ್ತಿದ್ದರು, ಕ್ಷತ್ರಿಯ ಹುಡುಗಿಯರು ಕೇಳಿದ್ದರೆ ಹೊಡೆಯುತ್ತಿದ್ದನೇ ಎಂದೆ. ಪ್ರಜೆಗಳು ಒಪ್ಪುತ್ತಿರಲಿಲ್ಲ ಸಾರ್ ಎಂದ ಇನ್ನೊಬ್ಬ. ಪ್ರಜೆಗಳಿಗೆ ತಿಳಿಯುವುದೇ ಇಲ್ಲ ಎಂದಿಟ್ಟುಕೊ. ಹೀಗೆ ಒಂದೊಂದು ಕಾರಣ ಕೊಟ್ಟಂತೆ ನಾನು ಒಂದೊಂದನ್ನೇ ತೆಗೆಯುತ್ತ ಹೋದೆ. ಎಲ್ಲ ಮುಗಿದ ಮೇಲೂ ತೀರ್ಪು ಬದಲಾಗಲಿಲ್ಲ. ಮುಂದಿನ ಬೆಂಚಿನ ಹುಡುಗ, ಒಳ್ಳೆಯ ಹುಡುಗ, ಪುಸ್ತಕ ಓದುವವನು, ಕೈ ಕೊಡವಿ ಹೇಳಿದ: "ಅದೇನೋ ಗೊತ್ತಿಲ್ಲ ಸಾರ್, ಆಗಲ್ಲ ಅಷ್ಟೆ."

ನಾನು ತಡೆದು ನಿಂತದ್ದು ಆ ಮಾತಿಗೆ. ನೀತಿಯ ಮನಶ್ಶಾಸ್ತ್ರದಲ್ಲಿ ಕಳೆದ ಕೆಲವು ದಶಕಗಳಿಂದ ನಡೆದಿರುವ ದೊಡ್ಡ ಜಗಳದ ಬೀಜ ಅದರಲ್ಲಿದೆ. ಮೊದಲು ಲಾರೆನ್ಸ್ ಕೋಲ್ಬರ್ಗ್ ಎಂಬ ಅಮೆರಿಕದ ಪಂಡಿತನ ಕಾಲ. ಕಾಯಿಲೆಯ ಹೆಂಡತಿಗೆ ಔಷಧಿ ಕೊಳ್ಳಲು ಕಾಸಿಲ್ಲದ ಗಂಡ ಅದನ್ನು ಕದಿಯಬಹುದೇ ಎಂಬಂಥ ಪ್ರಶ್ನೆಗಳನ್ನು ಹುಡುಗರಿಗೆ ಹಾಕಿ, ಅವರು ಕೊಡುವ ಕಾರಣಗಳನ್ನು ಆರು ಮೆಟ್ಟಿಲುಗಳಲ್ಲಿ ಜೋಡಿಸಿದ. ಕೆಳಗೆ ಏಟಿನ ಭಯ, ಮೇಲೆ ಎಲ್ಲರಿಗೂ ಸಲ್ಲುವ ನ್ಯಾಯದ ತತ್ವ. ಮನುಷ್ಯ ಯೋಚಿಸಿ ತೀರ್ಪು ಕೊಡುತ್ತಾನೆ ಎಂಬ ನಂಬಿಕೆ ಇದರ ತಳದಲ್ಲಿತ್ತು. ಜೊನಾಥನ್ ಹೈಟ್ 2001ರ ತನ್ನ ಪ್ರಸಿದ್ಧ ಲೇಖನದಲ್ಲಿ ಇದನ್ನು ತಲೆಕೆಳಗು ಮಾಡಿದ. ತೀರ್ಪು ಮೊದಲು ಬರುತ್ತದೆ, ಹೊಟ್ಟೆಯೊಳಗಿನ ಒಂದು ಭಾವವಾಗಿ, ಕಣ್ಣು ಮಿಟುಕಿಸುವುದರೊಳಗೆ. ಕಾರಣಗಳು ಆಮೇಲೆ ಬರುತ್ತವೆ, ಕಕ್ಷಿದಾರನ ಪರವಾಗಿ ವಾದಿಸುವ ವಕೀಲನ ಹಾಗೆ. ಯಾರಿಗೂ ಹಾನಿಯಾಗದ, ಆದರೆ ಕೇಳಿದರೆ ಅಸಹ್ಯವಾಗುವ ಕಥೆಗಳನ್ನು ಅವನೂ ಅವನ ಜೊತೆಗಾರರೂ ಜನರಿಗೆ ಹೇಳಿದರು. ಕೇಳಿದವರು ತಪ್ಪು ಎನ್ನುತ್ತಿದ್ದರು, ಕಾರಣ ಕೊಡುತ್ತಿದ್ದರು. ಆ ಕಾರಣ ಈ ಕಥೆಗೆ ಹೊಂದುವುದಿಲ್ಲ ಎಂದು ತೋರಿಸಿದರೆ ಇನ್ನೊಂದು ಕೊಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬಾಯಿ ಕಟ್ಟುತ್ತಿತ್ತು, ತೀರ್ಪು ಮಾತ್ರ ಅಲ್ಲಾಡುತ್ತಿರಲಿಲ್ಲ. ನನ್ನ ಕ್ಲಾಸಿನಲ್ಲಿ ಆದದ್ದು ಅದೇ. ಹರಿಶ್ಚಂದ್ರನಿಗೆ ಆದದ್ದೂ ಅದೇ, ಎಂಟುನೂರು ವರ್ಷದ ಹಿಂದೆ.

ಅಸಹ್ಯ ಎಂದೆ. ಪಾಲ್ ರೋಜಿನ್ ಎಂಬಾತ ಇದರ ಮೇಲೇ ಜೀವಮಾನವಿಡೀ ಕೆಲಸ ಮಾಡಿದವನು. ಕ್ರಿಮಿ ಸಂಪೂರ್ಣ ತೆಗೆದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರೆ, ಏನೂ ಅಪಾಯವಿಲ್ಲವೆಂದು ಗೊತ್ತಿದ್ದೂ ಜನ ಕುಡಿಯಲೊಲ್ಲರು. ಒಮ್ಮೆ ತಾಗಿದ್ದು ಸದಾ ತಾಗಿಯೇ ಇರುತ್ತದೆ ಎಂದು ಮನಸ್ಸು ನಂಬುತ್ತದೆ. ಅಮೆರಿಕದ ಕಾಲೇಜು ಹುಡುಗರು ಜಿರಲೆಗೆ ತೋರಿದ್ದನ್ನು ನಮ್ಮೂರ ಹೋಟೆಲು ನಮ್ಮಪ್ಪನಿಗೆ ತೋರಿಸಿತ್ತು. ಗೋಡೆಯ ಗೂಡಿನಲ್ಲಿಟ್ಟ ಗಾಜಿನ ಲೋಟ ಅವನೇ ತೆಗೆದುಕೊಂಡು ಕುಡಿದು, ಅವನೇ ತೊಳೆದು ಇಡಬೇಕಿತ್ತು. ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ ದಲಿತ ಹೆಂಗಸೊಬ್ಬಳು ನೀರು ಕುಡಿದಳೆಂದು ಟ್ಯಾಂಕನ್ನೇ ಬರಿದು ಮಾಡಿ ಗಂಜಲ ಹಾಕಿ ತೊಳೆದರು.

ಇಲ್ಲಿಯವರೆಗೆ ಹೈಟನ ಜೊತೆ ನನಗೆ ತಕರಾರಿಲ್ಲ. ತಕರಾರು ಇಲ್ಲಿಂದ ಮುಂದೆ. ಅವನ ಚಿಂತನೆ ತಿರುವು ಪಡೆದದ್ದು ನಮ್ಮ ದೇಶದಲ್ಲಿ, ಭುವನೇಶ್ವರ ಎಂಬ ಗುಡಿಗಳ ಊರಲ್ಲಿ. ಅವನಿಗಿಂತ ಮುಂಚೆ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಅಲ್ಲಿ ಬ್ರಾಹ್ಮಣರನ್ನೂ ಅಸ್ಪೃಶ್ಯರೆನ್ನಿಸಿಕೊಂಡವರನ್ನೂ ಮಾತಾಡಿಸಿ 1987ರಲ್ಲಿ ಪ್ರಕಟಿಸಿದ್ದರು. ಅಪ್ಪ ಸತ್ತ ಮಾರನೆ ದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದರೆ ಅದು ಅಲ್ಲಿನ ಬ್ರಾಹ್ಮಣ ಮಕ್ಕಳಿಗೆ ಎಲ್ಲಕ್ಕಿಂತ ಘೋರ ತಪ್ಪಾಗಿ ಕಂಡಿತ್ತು. ಹೈಟ್ 1993ರಲ್ಲಿ ಮೂರು ತಿಂಗಳು ಅಲ್ಲಿದ್ದ. ಗಂಡಸರು ಕೂತು ಉಣ್ಣುವುದು, ಹೆಂಗಸರು ಬಡಿಸಿ ಮಾತಿಲ್ಲದೆ ಒಳಗೆ ಹೋಗುವುದು, ಆಳುಗಳ ಜೊತೆ ಬಿಗಿಯಾಗಿರು ಎಂದು ತನಗೆ ಬುದ್ಧಿ ಹೇಳುವುದು ಮೊದಲು ಅವನಿಗೆ ಕಸಿವಿಸಿಯಾಯಿತು. ಕೆಲವು ವಾರಗಳಲ್ಲಿ ಅದು ಹೋಯಿತು, ಉಪಚರಿಸುತ್ತಿದ್ದ ಜನರನ್ನು ಇಷ್ಟಪಟ್ಟದ್ದರಿಂದ ಅವರ ಕಣ್ಣಿನಿಂದಲೇ ನೋಡತೊಡಗಿದೆ ಎಂದು 2012ರ ಪುಸ್ತಕದಲ್ಲಿ ಅವನೇ ಪ್ರಾಮಾಣಿಕವಾಗಿ ಬರೆದಿದ್ದಾನೆ. ಕಾಳಜಿ, ನ್ಯಾಯಗಳ ಜೊತೆಗೆ ನಿಷ್ಠೆ, ಅಧಿಕಾರ, ಪಾವಿತ್ರ್ಯಗಳೂ ನೀತಿಯ ಅಡಿಗಲ್ಲುಗಳು ಎಂಬ ಅವನ ಸಿದ್ಧಾಂತ ಬೆಳೆದು ಬಂದ ದಾರಿ ಇದು.

ಊಟಕ್ಕೆ ಯಾರ ಮನೆಯಲ್ಲಿ ಕೂತೆ ಎಂಬುದರಿಂದ ಸಿದ್ಧಾಂತ ಹುಟ್ಟುತ್ತದೆಯೆಂದರೆ ಸಿಟ್ಟಾಗಬೇಡಿ. ಆ ಮನೆಯ ಹಿತ್ತಲಲ್ಲಿ ಕೂತಿದ್ದರೆ ಪಾವಿತ್ರ್ಯ ಅವನಿಗೆ ಅಡಿಗಲ್ಲಾಗಿ ಕಾಣುತ್ತಿತ್ತೇ, ತಲೆಯ ಮೇಲಿನ ಕಲ್ಲಾಗಿ ಕಾಣುತ್ತಿತ್ತೇ? ತೀರ್ಪು ಕೊಡುವವನ ಮನಸ್ಸನ್ನು ಈ ಮನಶ್ಶಾಸ್ತ್ರ ಬಗೆದು ನೋಡುತ್ತದೆ. ತೀರ್ಪಿಗೆ ಒಳಗಾದವನ ಮನಸ್ಸು ಅದರ ಪ್ರಯೋಗಶಾಲೆಗೆ ಅಷ್ಟಾಗಿ ಬಂದದ್ದನ್ನು ನಾನು ಕಂಡಿಲ್ಲ.

ರಾಘವಾಂಕನಲ್ಲಿ ಬಂದಿದೆ. ಅವನ ಪ್ರಸಂಗದಲ್ಲಿ ಯೋಚಿಸುವವರು ಯಾರು ನೋಡಿ. ರಾಜನಲ್ಲ, ಆ ಹುಡುಗಿಯರು. ಇಂದ್ರಿಯ ಇಂದ್ರಿಯಗಳನ್ನು ಬಿಡಿಸಿ, ಒಂದರ ಪಕ್ಕ ಒಂದನ್ನಿಟ್ಟು, ಎಲ್ಲಿಯೂ ಜಾರದಂತೆ ವಾದ ಕಟ್ಟುತ್ತಾರೆ. ಕೋಲ್ಬರ್ಗನ ಮೇಲಿನ ಮೆಟ್ಟಿಲಲ್ಲಿ ನಿಂತವರು ಅವರು. ಹೊಟ್ಟೆಯೊಳಗಿನ ಭಾವವೊಂದನ್ನೇ ನಂಬಿ ಕೂರುವ ಸೌಕರ್ಯ ರಾಜನಿಗಿದೆ. ಅವರಿಗಿಲ್ಲ. ಅವರು ಕಾರಣ ಕೊಡಲೇಬೇಕು. ಗೋಡೆಯ ಗೂಡಿನ ಲೋಟ ತಪ್ಪು ಎಂದು ಹೇಳಬೇಕಾದವನಿಗೆ ಸಂವಿಧಾನ ಬೇಕು, ಕಾನೂನು ಬೇಕು, ಇಂಗ್ಲಿಷು ಬೇಕು. ಲೋಟ ಇಟ್ಟವನಿಗೆ 'ಆಗಲ್ಲ ಅಷ್ಟೆ' ಸಾಕು. ತರ್ಕ ಎಂಬುದು ಬಾಲ ಎಂದು ಹೈಟ್ ಹೇಳಿದ್ದು ಬಾಲ ಅಲ್ಲಾಡಿಸಿ ಬದುಕುವ ಅಗತ್ಯವಿಲ್ಲದವರ ವಿಷಯದಲ್ಲಿ ನಿಜ.

ಇನ್ನೊಂದು ಮಾತು. ಇದನ್ನು ನನಗೆ ಹೊಳೆಯಿಸಿದವಳು ಹಿಂದಿನ ಬೆಂಚಿನ ಹುಡುಗಿ, ಅಲ್ಲಿಯವರೆಗೆ ಬಾಯಿ ಬಿಡದವಳು. "ಸಾರ್, ಅವನಿಗೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಬೋದಾಗಿತ್ತಲ್ಲ. ಹೊಡೆದಿದ್ದು ಯಾಕೆ?"

ನಿಜವಲ್ಲವೇ? ಮದುವೆ ಬೇಡವೆನ್ನುವ ಹಕ್ಕು ಯಾರಿಗಾದರೂ ಇದೆ. ಹುಡುಗಿಯರ ವಾದ ಎಷ್ಟೇ ಗಟ್ಟಿಯಾಗಿದ್ದರೂ 'ಮನಸ್ಸಿಲ್ಲ' ಎಂಬ ಒಂದೇ ಮಾತಿಗೆ ಅದು ಮುಗಿದುಹೋಗುತ್ತಿತ್ತು. ನಾವು ಜಾತಿಯ ಕಣ್ಣಿನಿಂದ ಓದುವವರು ಈ ತೊಡಕನ್ನು ಹಾರಿಹೋಗುತ್ತೇವೆ, ನಾನೂ ಹಾರಿಹೋಗಿದ್ದೆ. ರಾಜ ಆ ಸುಲಭದ ಮಾತನ್ನು ಆಡುವುದಿಲ್ಲ. ಯಾಕೆಂದರೆ ಮನಸ್ಸಿಲ್ಲ ಎಂದರೆ, ನೀನು ಕೇಳಬಹುದಾದವಳು ಎಂದು ಒಪ್ಪಿದಂತೆ. ನಿರಾಕರಣೆಯಲ್ಲೂ ಒಂದು ಸಮಾನತೆ ಇದೆ. ಅವನಿಗೆ ಬೇಕಾದದ್ದು ನಿರಾಕರಿಸುವುದಲ್ಲ, ಕೇಳುವ ಬಾಯಿಯನ್ನೇ ಅನರ್ಹ ಮಾಡುವುದು. ವಾದದಲ್ಲಿ ಅದು ಆಗಲಿಲ್ಲ, ಕೈ ಎತ್ತಿದ. (ಮನುಷ್ಯಮಾತ್ರನ ಕಥೆ ಬರೆದನೆಂದು ಹರಿಹರ ಈ ಸೋದರಳಿಯನಿಗೆ ಹಲ್ಲು ಉದುರುವಂತೆ ಹೊಡೆದನೆಂದೂ ಒಂದು ಕಥೆಯಿದೆ. ಆ ಕಾಲದಲ್ಲಿ ವಿಮರ್ಶೆಯೂ ಕೈಯಲ್ಲೇ ನಡೆಯುತ್ತಿತ್ತೇನೋ.)

ಮುಂದೇನಾಗುತ್ತದೆ? ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆ ಹೇಳುವವರು ಮರೆಯುವ ಭಾಗ ಇದು. ಅಳುತ್ತ ಹೋದ ಹುಡುಗಿಯರನ್ನು ಕರೆದುಕೊಂಡು ವಿಶ್ವಾಮಿತ್ರ ಬರುತ್ತಾನೆ. ಇವರನ್ನು ಮದುವೆಯಾಗು, ಎಲ್ಲ ಮನ್ನಿಸುತ್ತೇನೆ ಎನ್ನುತ್ತಾನೆ. ಹರಿಶ್ಚಂದ್ರ ಒಪ್ಪುವುದಿಲ್ಲ, ಬದಲಿಗೆ ರಾಜ್ಯ ಬಿಡುತ್ತಾನೆ. ಅಂದರೆ ರಾಘವಾಂಕನ ಕಾವ್ಯದಲ್ಲಿ ರಾಜ್ಯ ಹೋದದ್ದು ಸತ್ಯಕ್ಕಾಗಿ ಎಂದು ನಾವು ಹೇಳಿಕೊಂಡು ಬಂದಿದ್ದರೂ, ಹೋದ ಗಳಿಗೆಯಲ್ಲಿ ಅದು ಹೋದದ್ದು ಕುಲಕ್ಕಾಗಿ. ಆಮೇಲೆ ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ತನ್ನನ್ನು ಯಾರಿಗೆ ಮಾರಿಕೊಳ್ಳುತ್ತಾನೆ? ಹೊಲೆಯರ ವೀರಬಾಹುಕನಿಗೆ. ಸುಡುಗಾಡು ಕಾಯುತ್ತಾನೆ. ಯಾವ ಮೈಲಿಗೆಯನ್ನು ತಪ್ಪಿಸಿಕೊಳ್ಳಲು ರಾಜ್ಯ ಕೊಟ್ಟನೋ ಅದರ ಅನ್ನವನ್ನೇ ಉಣ್ಣುತ್ತಾನೆ. 1965ರ ಸಿನಿಮಾದಲ್ಲಿ ವೀರಬಾಹು ಕುಲದ ಬಗ್ಗೆ ಹಾಡುವ ಹಾಡು ನಮ್ಮ ಕೇರಿಯಲ್ಲಿ ಮೈಕಿನಲ್ಲಿ ಕೇಳದ ಹಬ್ಬವಿಲ್ಲ. ಆದರೆ ನಾನು ನೋಡುವುದು ಬೇರೆಯದನ್ನು. ತನ್ನ ಮಾತು ಉಳಿಸಿಕೊಳ್ಳಬೇಕಾದಾಗ ಪಾವಿತ್ರ್ಯ ಸಡಿಲವಾಯಿತು. ಇಬ್ಬರು ಹುಡುಗಿಯರು ಕೇಳಿದಾಗ ಸಡಿಲವಾಗಲಿಲ್ಲ. ಅಡಿಗಲ್ಲಾಗಿದ್ದರೆ ಎರಡೂ ಕಡೆ ಅಲ್ಲಾಡಬಾರದಿತ್ತು. ಬೇಲೂರಿನ ಮೆಟ್ಟಿನ ನ್ಯಾಯವೇ ಇಲ್ಲೂ ಇದೆ. ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದನೆಂದು 60,000 ರೂಪಾಯಿ ದಂಡ ಹಾಕಿದರು. ಹೊಟ್ಟೆಯೊಳಗಿನ ಅಸಹ್ಯಕ್ಕೆ ರೂಪಾಯಿಯ ಲೆಕ್ಕ ಎಲ್ಲಿಂದ ಬಂತು?

ಇದನ್ನೆಲ್ಲ ಅಂಬೇಡ್ಕರ್ 1936ರಲ್ಲೇ ಕಂಡಿದ್ದರು. ಜಾತಿ ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನ ಒಂದು ಸ್ಥಿತಿ ಎಂದರು. ಇದು ಹೈಟನಿಗೂ ಒಪ್ಪಿಗೆಯಾಗುವ ಮಾತು. ಆದರೆ ಆ ಸ್ಥಿತಿ ಹುಟ್ಟಿನಿಂದ ಬಂದದ್ದಲ್ಲ, ಶಾಸ್ತ್ರಗಳು ಕಲಿಸಿದ್ದು ಎಂದೂ ಸೇರಿಸಿದರು. ನಿಯಮ ಬೇರೆ, ತತ್ವ ಬೇರೆ ಎಂಬ ಅವರ ವಿಂಗಡಣೆ ನನಗೆ ಬಹಳ ಮುಖ್ಯ. ನಿಯಮ ಅಡುಗೆಯ ವಿಧಾನದ ಹಾಗೆ, ಹೀಗೆ ಮಾಡು ಎನ್ನುತ್ತದೆ. ತತ್ವ ಮಾತ್ರ ಯೋಚಿಸಿ ತೂಗುವ ಹೊಣೆಯನ್ನು ನಮ್ಮ ಮೇಲೆ ಹಾಕುತ್ತದೆ. ಈ ವಿಚಾರಕ್ಕೆ ಅವರ ಗುರು ಜಾನ್ ಡ್ಯೂಯಿಯ ನಂಟಿದೆ, ಕೋಲ್ಬರ್ಗನೂ ಡ್ಯೂಯಿಗೆ ಋಣಿ. ಆದರೆ ಪುಣ್ಯವೂ ಜಾತಿಗಂಟಿಕೊಂಡಿದೆ, ನೀತಿಯೂ ಜಾತಿಯೊಳಗೇ ಮುಗಿಯುತ್ತದೆ ಎಂದು ಕಂಡವರು ಅಂಬೇಡ್ಕರ್ ಒಬ್ಬರೇ.

ಈಗ ತಾತನ ಕಥೆಯ ನಗುವಿಗೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಒದ್ದಾಡಿದೆ. ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಬರೆಯದಿದ್ದರೆ ಇನ್ನೆಲ್ಲಿ?

ನಾವು ಬಲಗೈಯವರು. ಮೆಟ್ಟಿನ ಕಥೆಗೆ ನಮ್ಮ ಜಗಲಿಯಲ್ಲಿ ನಗುತ್ತಿದ್ದದ್ದು ದೇವರನ್ನು ಕುರಿತಲ್ಲ, ಕನಸು ಬಿದ್ದ ಎಡಗೈಯವರನ್ನು ಕುರಿತು. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ನನ್ನ ಗೆಳೆಯ ಎಡಗೈಯವನು. ಅವನನ್ನು ಮೊದಲ ಸಲ ಊರಿಗೆ ಕರೆದುಕೊಂಡು ಹೋದಾಗ ಅವ್ವ ಪ್ರೀತಿಯಿಂದಲೇ ಮಾತಾಡಿಸಿದಳು, ಕೋಳಿ ಕುಯ್ಯಿಸಿದಳು. ನೀರು ಕೊಟ್ಟದ್ದು ಮಾತ್ರ ಬೇರೆ ಲೋಟದಲ್ಲಿ, ಹಿತ್ತಲ ಬಾಗಿಲ ಹತ್ತಿರ ಬೋರಲು ಹಾಕಿರುತ್ತಿದ್ದ ಹಳೆಯ ಸ್ಟೀಲ್ ಲೋಟ. ಗೆಳೆಯ ಕುಡಿದ. ಗೊತ್ತಾಗಲಿಲ್ಲವೆಂದಲ್ಲ.

ರಾತ್ರಿ ಅವನು ಮಲಗಿದ ಮೇಲೆ ಕೇಳಿದೆ. "ಯಾಕವ್ವ ಹಿಂಗ್ ಮಾಡ್ದೆ?"

"ಏನ್ ಮಾಡ್ದೆ?"

"ಲೋಟ."

"ಮದ್ಲಿಂದ್ಲೂ ಹಂಗೇ ಕಣ್ ಮಗ."

"ಅಪ್ಪಂಗೆ ಹೋಟ್ಲಲ್ಲಿ ಹಂಗೇ ಕೊಡ್ತಿದ್ರಲ್ಲ, ಅವತ್ತು ನೀನು ಏನ್ ಅಂತಿದ್ದೆ?"

ಅವ್ವ ಮಾತಾಡಲಿಲ್ಲ. ಅಷ್ಟು ಹೊತ್ತಾದ ಮೇಲೆ, "ಅದೇನೋ ಗೊತ್ತಿಲ್ಲಪ್ಪ, ಕೈ ಬರ್ಲಿಲ್ಲ" ಎಂದಳು.

ಕೈ ಬರ್ಲಿಲ್ಲ. ನನ್ನ ಕ್ಲಾಸಿನ ಹುಡುಗನದೂ ಅದೇ ಮಾತು. ಒಂದೇ ವ್ಯತ್ಯಾಸ: ಅವ್ವನ ಹತ್ತಿರ ಶಾಸ್ತ್ರವಿರಲಿಲ್ಲ, ಗುಡಿಯಿರಲಿಲ್ಲ, ಕೆಳಗೆ ಒಂದು ಮೆಟ್ಟಿಲು ಮಾತ್ರ ಇತ್ತು. ಒಳಮೀಸಲಾತಿಯ ಬಗ್ಗೆ ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಾಗ ನಮ್ಮ ಕಡೆಯ ಗೆಳೆಯರು ಹುಡುಕಿಕೊಂಡ ಕಾರಣಗಳನ್ನು ನಾನು ಕೇಳಿದ್ದೇನೆ. ಒಗ್ಗಟ್ಟು ಒಡೆಯುತ್ತದೆ, ಅಂಕಿಅಂಶ ಸರಿಯಿಲ್ಲ, ಇದು ಹೊತ್ತಲ್ಲ. ಕೆಲವು ಕಾರಣಗಳಲ್ಲಿ ಹುರುಳೂ ಇತ್ತು. ಆದರೆ ಒಂದನ್ನು ತೆಗೆದರೆ ಇನ್ನೊಂದು ಬರುತ್ತಿತ್ತು, ನನ್ನ ಕ್ಲಾಸಿನಲ್ಲಿ ಬಂದ ಹಾಗೆಯೇ. ಮೇಲಿನವರ ಮನಸ್ಸನ್ನು ಬಗೆಯಲು ನಾವು ಬಳಸುವ ಉಪಕರಣ ನಮ್ಮ ಹೊಟ್ಟೆಯ ಮೇಲೂ ಓಡುತ್ತದೆ. ಅಲ್ಲಿಗೆ ಬಂದಾಗ ನಮ್ಮ ವಿಮರ್ಶೆ ಬಾಯಿ ಕಟ್ಟಿ ಕೂರುತ್ತದೆ.

ಹೈಟ್ ಒಂದು ಬಾಗಿಲು ತೆರೆದಿಟ್ಟಿದ್ದಾನೆ. ನಮ್ಮ ತೀರ್ಪನ್ನು ನಾವೇ ಯೋಚಿಸಿ ಬದಲಿಸಿಕೊಳ್ಳುವುದು ಅಪರೂಪ. ಆದರೆ ಬೇರೆಯವರು, ಅದರಲ್ಲೂ ನಾವು ಇಷ್ಟಪಡುವವರು, ಅದನ್ನು ಬದಲಿಸಬಲ್ಲರು ಎನ್ನುತ್ತಾನೆ. ಭುವನೇಶ್ವರದಲ್ಲಿ ಅವನು ಬದಲಾದದ್ದೂ ಹಾಗೆಯೇ, ದಿಕ್ಕು ಬೇರೆ ಅಷ್ಟೆ. ಆ ಹುಡುಗಿಯರ ವಾದ ರಾಜನನ್ನು ಬದಲಿಸಲಿಲ್ಲ. ಸುಡುಗಾಡಿನಲ್ಲಿ ವೀರಬಾಹುಕನ ಆಳಾಗಿ ಇದ್ದದ್ದು ಬದಲಿಸಿತೇ? ಕೊನೆಗೆ ದೇವರು ಬರುತ್ತಾನೆ, ಎಲ್ಲವೂ ಮರಳಿ ಸಿಗುತ್ತದೆ, ರಾಜ ಮತ್ತೆ ರಾಜನಾಗುತ್ತಾನೆ. ಆ ಇಬ್ಬರು ಹುಡುಗಿಯರು ಮತ್ತೊಮ್ಮೆ ಬಂದು ಅದೇ ಪ್ರಶ್ನೆ ಕೇಳುವ ಪದ್ಯ ಕಾವ್ಯದಲ್ಲಿಲ್ಲ.

ಗೆಳೆಯ ಕಳೆದ ವರ್ಷ ಹಬ್ಬಕ್ಕೆ ಮತ್ತೆ ಬಂದಿದ್ದ. ಬೇಲೂರಿನಲ್ಲಿ ಬಸ್ಸಿಳಿದು, ಗುಡಿ ನೋಡಿಕೊಂಡು, ಸಂಜೆಗೆ ಮನೆ ಸೇರಿದೆವು. ಮೆಟ್ಟಿನ ಕಥೆ ಅವನಿಗೂ ಗೊತ್ತಿತ್ತು. ಅವರ ಮನೆಯಲ್ಲಿ ಅದನ್ನು ಹೇಳುವಾಗ ಯಾರೂ ನಗುವುದಿಲ್ಲವಂತೆ, ಹೆಮ್ಮೆಯಿಂದ ಹೇಳುತ್ತಾರಂತೆ. ಅವ್ವ ಇಬ್ಬರಿಗೂ ಒಂದೇ ಥರದ ಲೋಟದಲ್ಲಿ ಕಾಫಿ ತಂದಳು. ಕುಡಿದಿಟ್ಟ ಮೇಲೆ ಎರಡನ್ನೂ ಒಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಹೇಗೆ ತೊಳೆದಳೋ ನಾನು ಎದ್ದು ಹೋಗಿ ನೋಡಲಿಲ್ಲ.